ಲೇಬರ್ ವಾರ್ಡ್ ಬಿಟ್ಟು ಸ್ವಂತ ಪ್ರಾಕ್ಟೀಸ್: ಮೊದಲು ಯಾವುದು, ರೂಮಾ ರೆಫರಲ್ಲಾ?

ಪ್ರಶ್ನೆ: ಮೇಡಂ ನಮಸ್ತೆ. ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿ ಪ್ರೈವೇಟ್ ನರ್ಸಿಂಗ್ ಹೋಮಲ್ಲಿ ಹನ್ನೆರಡು ವರ್ಷದಿಂದ ಲೇಬರ್ ವಾರ್ಡ್ ನೋಡ್ಕೊಳ್ತಿದೀನಿ. ನಮ್ಮೂರು ಹಿರಿಯೂರು ಹತ್ರ, ಮನೆ ಕೆಳಗಡೆ ಎರಡು ರೂಮ್ ಖಾಲಿ ಇದೆ. ಅಲ್ಲೇ ಸಣ್ಣದಾಗಿ ಹೆರಿಗೆ ಮನೆ ಶುರು ಮಾಡೋಣ ಅಂತ ಆಸೆ. ಡಾಕ್ಟರ್ ಇಲ್ದೆ ನಡೆಸ್ಬೋದಾ, ಲೈಸೆನ್ಸ್ ಏನೇನು ಬೇಕು, ಎಷ್ಟು ದುಡ್ಡು ಇಟ್ಕೊಂಡಿರ್ಬೇಕು, ಬೋರ್ಡಲ್ಲಿ ಏನಂತ ಬರೆಸ್ಲಿ? ಎಲ್ಲರೂ ಹುಚ್ಚು ಅಂತಿದಾರೆ. ನೀವು ಇದನ್ನ ಮಾಡಿರೋರು, ಹೇಳಿ.

ಉತ್ತರ: ನಮಸ್ತೆ ಸಿಸ್ಟರ್. ಹುಚ್ಚೇನಲ್ಲ. ಆದ್ರೆ ನೀವು ಎರಡು ರೂಮಿಂದ ಯೋಚನೆ ಶುರು ಮಾಡಿದೀರಲ್ಲ, ಅದೇ ತಿರುಗುಮುರುಗು. ಹೆರಿಗೆ ಪ್ರಾಕ್ಟೀಸಿಗೆ ರೂಮು ಕೊನೆಗೆ ಬರೋ ವಿಷಯ. ಮೊದ್ಲು ಬರೋದು ರಾತ್ರಿ ಎರಡು ಗಂಟೆಗೆ ಕೇಸ್ ಕೈಮೀರ್ತಿದೆ ಅನ್ಸಿದಾಗ ಯಾರು ಫೋನ್ ಎತ್ತುತಾರೆ, ಯಾವ ಓಟಿ (ಆಪರೇಷನ್ ಥಿಯೇಟರ್) ಬಾಗಿಲು ತೆಗೆಯತ್ತೆ, ಅಲ್ಲಿಗೆ ಎಷ್ಟು ನಿಮಿಷ, ಯಾವ ಗಾಡಿ ಅನ್ನೋದು. ಇದಕ್ಕೆ ಉತ್ತರ ಇದ್ರೆ ಪ್ರಾಕ್ಟೀಸ್ ಇದೆ, ಇಲ್ಲ ಅಂದ್ರೆ ಗ್ರಾನೈಟ್ ಹಾಕ್ಸಿ ಎಸಿ ಕೂರ್ಸಿದ್ರೂ ಅದು ಬರೀ ರೂಮೇ.

ಕಾನೂನಿನ ಮಾತು ಮೊದ್ಲು ಮುಗ್ಸಿಬಿಡ್ತೀನಿ, ಯಾಕಂದ್ರೆ ಇಲ್ಲೇ ತುಂಬಾ ಜನ ಯಾರೋ ಹೇಳಿದ್ದನ್ನ ನಂಬ್ಕೊಂಡು ಕೂತಿರ್ತಾರೆ. ಕರ್ನಾಟಕದಲ್ಲಿ ಕೆಪಿಎಂಇ, ಅಂದ್ರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, 2007ರದ್ದು, ಆಮೇಲೆ ತಿದ್ದುಪಡಿನೂ ಆಗಿದೆ. ಅದ್ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆ ಅಂದ್ರೆ ಯಾವ್ಯಾವುದು ಅಂತ ಪಟ್ಟಿ ಮಾಡಿರೋ ಕಡೆ ಮೆಟರ್ನಿಟಿ ಹೋಮ್ ಹೆಸರೂ ಇದೆ. ಅಂದ್ರೆ ನಿಮ್ಮ ಕೆಳಗಿನ ರೂಮಲ್ಲಿ ಒಂದೇ ಒಂದು ಹೆರಿಗೆ ಟೇಬಲ್ ಹಾಕಿದ್ರೂ ರಿಜಿಸ್ಟ್ರೇಷನ್ ಬೇಕು. ಡಿಸಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಅದನ್ನ ಕೊಡೋದು, ಓಡಾಟ ಎಲ್ಲಾ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸಲ್ಲಿ. ರಿಜಿಸ್ಟ್ರೇಷನ್ ಇಲ್ದೆ ನಡೆಸಿದ್ರೆ ಬರೀ ದಂಡ ಅಲ್ಲ, ಜೈಲೂ ಇದೆ. ಡಾಕ್ಟರ್ ಹೆಸರೇ ಇಲ್ದೆ ನರ್ಸ್ ಒಬ್ಬರ ಹೆಸರಲ್ಲಿ ಹೆರಿಗೆ ಮನೆ ನಡೆಸೋ ದಾರಿ ನಿಮಗೆ ಬೇಡ, ಸುಮ್ನೆ ಹೇಳ್ತಿಲ್ಲ. ನಮ್ಮ ಕೆಎಸ್‌ಎನ್‌ಸಿ (ರಾಜ್ಯ ನರ್ಸಿಂಗ್ ಕೌನ್ಸಿಲ್) ನಂಬರ್, ಆರ್‌ಎನ್ ಆರ್‌ಎಂ, ಅಂದ್ರೆ ನೋಂದಾಯಿತ ನರ್ಸ್ ಮತ್ತು ಮಿಡ್‌ವೈಫ್ (ಹೆರಿಗೆ ಮಾಡ್ಸೋ ನರ್ಸ್) ಅನ್ನೋದು, ನಾವು ಕ್ವಾಲಿಫೈಡ್ ಅಂತ ತೋರ್ಸತ್ತೆ, ಅಷ್ಟೇ. ಸಂಸ್ಥೆ ನಡೆಸೋ ಪರ್ಮಿಷನ್ ಅಲ್ಲ ಅದು, ಔಷಧಿ ಬರೆದು ಕೊಡೋ ಅಧಿಕಾರನೂ ಅಲ್ಲ.

"ಸರ್ಕಾರನೇ ಮಿಡ್‌ವೈಫ್‌ಗಳನ್ನ ತಯಾರು ಮಾಡ್ತಿದೆಯಲ್ಲ" ಅಂತ ನೀವು ಕೇಳ್ಬೋದು. ಹೌದು, 2018ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಮಾರ್ಗಸೂಚಿ ತಂತು, ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅಂತ ಹದಿನೆಂಟು ತಿಂಗಳ ಕೋರ್ಸ್. ಪಕ್ಕದ ತೆಲಂಗಾಣದಲ್ಲಿ ಹೈದರಾಬಾದಿನ ಫರ್ನಾಂಡಿಸ್ ಫೌಂಡೇಶನ್ ಅದಕ್ಕಿಂತ ಮುಂಚೆಯಿಂದಾನೇ ಈ ಕೆಲಸ ಮಾಡ್ಕೊಂಡ್ ಬಂದಿದೆ. 2023ರಲ್ಲಿ ಹಳೇ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಜಾಗಕ್ಕೆ ಹೊಸ ಕಮಿಷನ್ ಕಾಯ್ದೆ ಬಂತು, ಅದರ ಹೆಸರಲ್ಲೇ ಮಿಡ್‌ವೈಫರಿ ಸೇರಿಸಿದಾರೆ. ಎಲ್ಲಾ ಸಂತೋಷನೇ. ಆದ್ರೆ ಆ ಮಾರ್ಗಸೂಚಿನ ಸ್ವಲ್ಪ ನಿಧಾನಕ್ಕೆ ಓದಿ ನೋಡಿ, ಮಿಡ್‌ವೈಫ್ ಯೂನಿಟ್ ಎಲ್ಲಿರ್ಬೇಕು ಅಂತ ಹೇಳಿದಾರೆ? ದೊಡ್ಡಾಸ್ಪತ್ರೆ ಒಳಗೇ, ಸಿಸೇರಿಯನ್ ಮಾಡೋ ಓಟಿ ಇರೋ ಕಡೆನೇ. ನಾರ್ಮಲ್ ಹೆರಿಗೆ ಪೂರ್ತಿ ಮಿಡ್‌ವೈಫ್ ಕೈಯಲ್ಲಿ, ಡಾಕ್ಟರ್ ಕೂಗಿದ್ರೆ ಕೇಳೋ ದೂರದಲ್ಲಿ. ಸರ್ಕಾರದ ಈ ಬುದ್ಧಿನ ನೀವೂ ತಗೊಳ್ಳಿ.

ಇದಕ್ಕೆ ಕಾರಣ ಹೆದರಿಕೆ ಅಲ್ಲ, ಲೆಕ್ಕ. ಇಂಗ್ಲೆಂಡಲ್ಲಿ 64,000ಕ್ಕೂ ಹೆಚ್ಚು ಲೋ ರಿಸ್ಕ್ ಗರ್ಭಿಣಿಯರನ್ನ ನೋಡಿದ ಸ್ಟಡಿ ಒಂದು 2011ರಲ್ಲಿ ಬಂತು. ಆಸ್ಪತ್ರೆಯಿಂದ ಬೇರೆ ಕಡೆ ಇರೋ ಮಿಡ್‌ವೈಫ್ ಸೆಂಟರ್‌ಗಳಲ್ಲೂ ಮಕ್ಕಳ ವಿಷಯದಲ್ಲಿ ಆಸ್ಪತ್ರೆಗಿಂತ ಹೆಚ್ಚು ಅಪಾಯ ಕಾಣಲಿಲ್ಲ, ತಾಯಂದಿರಿಗೆ ಕತ್ತರಿ, ಸಿಸೇರಿಯನ್ ಎಲ್ಲಾ ಕಮ್ಮಿ. ಎಲ್ಲರೂ ಇಷ್ಟನ್ನೇ ಹೇಳಿ ನಿಲ್ಲಿಸ್ತಾರೆ. ಇನ್ನೊಂದು ಭಾಗ ಏನಪ್ಪಾ ಅಂದ್ರೆ ಅಂಥ ಸೆಂಟರಿಗೆ ಬಂದ ಚೊಚ್ಚಲ ಗರ್ಭಿಣಿಯರಲ್ಲಿ ನೂರಕ್ಕೆ 36 ಜನರನ್ನ ಆಸ್ಪತ್ರೆಗೆ ಸಾಗಿಸ್ಬೇಕಾಯ್ತು, ಎರಡನೇ ಮೂರನೇ ಹೆರಿಗೆಯವರಲ್ಲಿ ಅದು ಸುಮಾರು ನೂರಕ್ಕೆ ಒಂಬತ್ತು. ಚೆನ್ನಾಗಿ ಆರಿಸಿದ ಲೋ ರಿಸ್ಕ್ ಕೇಸ್‌ಗಳು, ಕರೆದ ತಕ್ಷಣ ಬರೋ ಆಂಬುಲೆನ್ಸ್, ಅಲ್ಲೇ ಈ ಗತಿ ಅಂದ್ರೆ ಹಿರಿಯೂರಿಂದ ಚಿತ್ರದುರ್ಗ ಜಿಲ್ಲಾಸ್ಪತ್ರೆಗೆ ನಲವತ್ತು ಕಿಲೋಮೀಟರ್ ಹೈವೇಲಿ ಲಾರಿ ಮಧ್ಯೆ ಹೋಗೋದನ್ನ ಯೋಚನೆ ಮಾಡಿ. ಅದರಲ್ಲಿ ಬಹುಪಾಲು ಎಮರ್ಜೆನ್ಸಿ ಅಲ್ಲ ನಿಜ, ನೋವು ನಿಧಾನ ಆಗಿ ಮುಂದೆ ಹೋಗದೇ ಇರೋದು. ಆದ್ರೆ ಸಾಗಿಸೋದು ಸಾಗಿಸೋದೇ, ಮನೆಯವರ ಮುಖ ಬಿಳಿಚ್ಕೊಳ್ಳೋದು ಬಿಳಿಚ್ಕೊಳ್ಳೋದೇ.

ಹಾಗಾಗಿ ನಾನು ಯಾರು ಕೇಳಿದ್ರೂ ಹೇಳೋದು ಒಂದೇ: ಹೆರಿಗೆನ ನಿಮ್ಮ ಮನೆ ರೂಮಲ್ಲಿ ಮಾಡ್ಬೇಡಿ. ರಿಜಿಸ್ಟ್ರೇಷನ್ ಇರೋ, ಓಟಿ ಇರೋ, ಪ್ರಸೂತಿ ಡಾಕ್ಟರ್ ಹತ್ರದಲ್ಲೇ ವಾಸ ಇರೋ ಒಂದು ಸಣ್ಣ ನರ್ಸಿಂಗ್ ಹೋಮ್ ಹುಡುಕಿ ಅವರ ಜೊತೆ ಟೈಅಪ್ ಮಾಡ್ಕೊಳ್ಳಿ. ಲೇಬರ್ ರೂಮ್ ಅವರದ್ದು, ಕೇಸ್ ನಿಮ್ಮದು. ನಾನು ತುಮಕೂರು ಕಡೆ ಮಾಡ್ತಿರೋದು ಹಿಂಗೇ. ಡಾಕ್ಟ್ರಿಗೂ ಲಾಭ ಇದೆ, ನಾರ್ಮಲ್ ಹೆರಿಗೆ ಮಾಡ್ಸೋ ತಾಳ್ಮೆ ಇರೋ ಕೈ ಸಿಗತ್ತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್-5, 2019-21) ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಲೇ ಆಗ್ತಿದೆ, ನೂರಕ್ಕೆ 31ಕ್ಕೂ ಹೆಚ್ಚು ಸಿಸೇರಿಯನ್. ಅಂದ್ರೆ ಜನಕ್ಕೆ ಬೇಕಾಗಿರೋದು ಆಸ್ಪತ್ರೆಯಿಂದ ತಪ್ಪಿಸ್ಕೊಳ್ಳೋದಲ್ಲ, ಆಸ್ಪತ್ರೆ ಒಳಗೇ ಪಕ್ಕದಲ್ಲಿ ಕೂತು ಕೈ ಹಿಡ್ಕೊಂಡು "ಇನ್ನೂ ಟೈಮ್ ಇದೆ ಕಣಮ್ಮ, ಎದ್ದು ಸ್ವಲ್ಪ ಓಡಾಡು" ಅನ್ನೋ ಒಬ್ಬರು. ಹಳೇ ಸೂಲಗಿತ್ತಿಯರು ಮಾಡ್ತಿದ್ದಿದ್ದು ಅದೇ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತಲ್ಲ, ಆಗ ನನ್ ಹತ್ರ ಬಂದು "ಅವರಿಗೆ ಯಾವ ಓಟಿ ಇತ್ತು" ಅಂತ ಕೇಳಿದವರಿಗೆ ಲೆಕ್ಕ ಇಲ್ಲ. ಅವರ ಕೈಗುಣಕ್ಕೆ ನಾನು ತಲೆ ಬಾಗ್ತೀನಿ, ಆದ್ರೆ ರಸ್ತೆ ಫೋನು ರಕ್ತ ಯಾವುದೂ ಇಲ್ದೇ ಇದ್ದಾಗ ಅವರು ಮಾಡಿದ್ದನ್ನ ಎಲ್ಲಾ ಇರೋ ಕಾಲದಲ್ಲಿ ನಾವು ಬೇಕಂತಲೇ ಬಿಟ್ಟು ಮಾಡೋದು ಶೌರ್ಯ ಅಲ್ಲ.

ಟೈಅಪ್ ಅಂದ್ರೆ "ಆಯ್ತು ಬಿಡಮ್ಮ ನೋಡೋಣ" ಅನ್ನೋ ಬಾಯಿ ಮಾತಲ್ಲ, ಪೇಪರ್ ಮೇಲೆ ಇರ್ಬೇಕು. ಯಾವ ಕೇಸ್ ನಾನು ತಗೋತೀನಿ, ಯಾವುದು ಮೊದಲ ದಿನಾನೇ ಅವರದ್ದು, ಯಾವ ಹಂತದಲ್ಲಿ ಫೋನ್ ಮಾಡ್ತೀನಿ, ಅವರು ಊರಲ್ಲಿಲ್ಲ ಅಂದ್ರೆ ಬದಲಿ ಯಾರು, ಎಮರ್ಜೆನ್ಸಿಲಿ ಯಾವ ಔಷಧಿ ಎಷ್ಟು ಡೋಸ್ ನಾನೇ ಶುರು ಮಾಡ್ಬೋದು. ಈ ಕೊನೇದಕ್ಕೆ ಸ್ಟ್ಯಾಂಡಿಂಗ್ ಆರ್ಡರ್ ಅಂತೀವಿ, ಡಾಕ್ಟರ್ ಸೈನ್ ಮಾಡಿ ಗೋಡೆ ಮೇಲೆ ಅಂಟ್ಸಿರ್ಬೇಕು. ಹೆರಿಗೆ ಆದ ತಕ್ಷಣ ಗರ್ಭಕೋಶ ಗಟ್ಟಿಯಾಗೋಕೆ ತೊಡೆಗೆ ಆಕ್ಸಿಟೋಸಿನ್ 10 ಯೂನಿಟ್, ಫಿಟ್ಸ್ ಬಂದ್ರೆ ಮ್ಯಾಗ್‌ಸಲ್ಫ್ ಮೊದಲ ಡೋಸ್, ಬ್ಲೀಡಿಂಗ್ ಆದ್ರೆ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಹಿಂಗೆ. ಡಾಕ್ಟ್ರುಗಳಿಗೆ ನಮ್ಮ ಮೇಲೆ ನಂಬಿಕೆ ಬರೋದು ನಾವು ಬೇಗ ಫೋನ್ ಮಾಡಿದಾಗ. ಎಲ್ಲಾ ಮುಗಿದ್ಮೇಲೆ "ಮೇಡಂ ಸ್ವಲ್ಪ ಬನ್ನಿ" ಅಂದ್ರೆ ಎರಡನೇ ಸಲ ಅವರು ಎತ್ತಲ್ಲ, ಎತ್ತಬಾರದೂ ಕೂಡ.

ಯಾವ ಕೇಸ್ ತಗೋಬಾರದು ಅಂತ ನಿಮಗೆ ಗೊತ್ತೇ ಇರತ್ತೆ. ಹಿಂದೆ ಸಿಸೇರಿಯನ್ ಆಗಿರೋರು, ಅವಳಿ, ಬ್ರೀಚ್ (ಮಗು ಉಲ್ಟಾ ಇರೋದು), ಬಿಪಿ 140/90 ದಾಟಿರೋರು, 37 ವಾರ ತುಂಬದವರು, ಕಸ (ಮಾಸು, ಪ್ಲಾಸೆಂಟಾ) ಗರ್ಭಕೋಶದ ಕೆಳಗಡೆ ಕೂತಿರೋದು, ಇನ್ಸುಲಿನ್ ತಗೋತಿರೋರು, ಹಿಂದಿನ ಹೆರಿಗೆಲಿ ತುಂಬಾ ರಕ್ತ ಹೋಗಿರೋರು. ರಕ್ತ ಕಮ್ಮಿ ಇರೋರ ವಿಷಯ ಮಾತ್ರ ಸ್ವಲ್ಪ ಒತ್ತಿ ಹೇಳ್ತೀನಿ, ರಾಜ್ಯದಲ್ಲಿ ಗರ್ಭಿಣಿಯರಲ್ಲಿ ಅರ್ಧಕ್ಕೆ ಹತ್ತಿರ ಜನಕ್ಕೆ ರಕ್ತಹೀನತೆ ಇದೆ, ತಾಯಿ ಕಾರ್ಡ್ ತೆಗೆದು ನೋಡಿದ್ರೆ ಎಚ್‌ಬಿ (ಹಿಮೋಗ್ಲೋಬಿನ್) 8, 8.5 ಅಂತ ಸಾಲಾಗಿ ಬರೆದಿರತ್ತೆ, ಯಾರೂ ಏನೂ ಮಾಡಿರಲ್ಲ. 12 ಇರೋಳು ತಡ್ಕೊಳ್ಳೋ ಬ್ಲೀಡಿಂಗ್ 8 ಇರೋಳು ತಡ್ಕೊಳ್ಳಲ್ಲ. ಐದನೇ ತಿಂಗಳಲ್ಲೇ ನಿಮ್ಮ ಹತ್ರ ಬಂದಿದ್ರೆ ಸರಿ ಮಾಡೋಕೆ ಟೈಮ್ ಇದೆ, ಒಂಬತ್ತು ತುಂಬಿದ್ಮೇಲೆ ಬಂದ್ರೆ ಕೈ ಮುಗಿದು ರಕ್ತದ ವ್ಯವಸ್ಥೆ ಇರೋ ಆಸ್ಪತ್ರೆಗೆ ಕಳ್ಸಿ. ಬಂದ ದುಡ್ಡು ವಾಪಸ್ ಕಳ್ಸೋದು ಮೊದಮೊದಲು ಹೊಟ್ಟೆ ಉರಿಯತ್ತೆ. ಆದ್ರೆ ಬೇಡ ಅಂದ ಕೇಸ್‌ಗಳೇ ನಿಮ್ಮ ಪ್ರಾಕ್ಟೀಸ್ ಉಳ್ಸೋದು.

ಬ್ಲೀಡಿಂಗ್ ಮಾತು ಬಂತು, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ವಾರ್ಡಲ್ಲಿ ಎಂಟು ಜನ ಇದ್ದಾಗ ಕಾಣ್ದೇ ಇರೋದು ಒಬ್ಬರೇ ಇದ್ದಾಗ ಕಾಣತ್ತೆ. ಎರಡನೇ ಹೆರಿಗೆಯ ಹುಡುಗಿ ಒಬ್ಬಳು, ಎಲ್ಲಾ ಸಲೀಸಾಗಿ ಆಯ್ತು, ಮಗು ಅತ್ತಿತು, ಕಸ ಪೂರ್ತಿ ಬಂತು, ನಾನು ಎರಡೂ ಕಡೆ ತಿರುಗ್ಸಿ ನೋಡ್ದೆ, ತುಂಡಾಗಿಲ್ಲ. ಅತ್ತೆ ಬಾಗಿಲಲ್ಲಿ ಫ್ಲಾಸ್ಕ್ ಹಿಡ್ಕೊಂಡು ನಿಂತಿದಾರೆ. ಹುಡುಗಿ "ಏನಿಲ್ಲ ಅಕ್ಕ ಚೆನ್ನಾಗಿದೀನಿ" ಅಂತ ನಗ್ತಾ ಇದಾಳೆ. ಕೆಳಗಡೆ ಹಾಸಿದ್ದ ಡ್ರೇಪಿನ (ರಕ್ತ ಅಳೆಯೋ ಗೆರೆ ಇರೋ ಪ್ಲಾಸ್ಟಿಕ್ ಹಾಸು) ಚೀಲದಲ್ಲಿ ರಕ್ತ 600 ಎಂಎಲ್ ಗೆರೆ ದಾಟ್ತಿದೆ. ಪಲ್ಸ್ 112, ಬಿಪಿ 104/70, ಅಂದ್ರೆ ಪಲ್ಸ್ ಮೇಲಿನ ಬಿಪಿಗಿಂತ ಜಾಸ್ತಿ, ಬರೀ ಬಿಪಿ ನೋಡಿದ್ರೆ ಪರವಾಗಿಲ್ಲ ಅನ್ಸ್ತಿತ್ತು. ಹೊಟ್ಟೆ ಮೇಲೆ ಕೈ ಇಟ್ರೆ ಗಟ್ಟಿ ಇರ್ಬೇಕಾದ ಗರ್ಭಕೋಶ ನಾದಿಟ್ಟ ಚಪಾತಿ ಹಿಟ್ಟಿನ ಥರ ಮೆತ್ತಗೆ. ಉಜ್ಜಿದ್ರೆ ಗಟ್ಟಿ ಆಗತ್ತೆ, ಬಿಟ್ರೆ ಮತ್ತೆ ಮೆತ್ತಗೆ, ಅದೂ ಒಂದು ಪಕ್ಕಕ್ಕೆ ವಾಲ್ಕೊಂಡಿದೆ. ಮೂತ್ರಕೋಶ ತುಂಬಿತ್ತು. ಕ್ಯಾಥೆಟರ್ ಹಾಕಿದ ತಕ್ಷಣ ಒಂದು ಕಿಡ್ನಿ ಟ್ರೇ ತುಂಬಾ ಬಂತು, ಅಷ್ಟೊತ್ತಿಗೆ ಜೊತೆಯ ಸಿಸ್ಟರ್ ಡ್ರಿಪ್ ಶುರು ಮಾಡಿ ಟ್ರಾನೆಕ್ಸಾ ಕೊಟ್ಟು ಡಾಕ್ಟ್ರಿಗೆ ಫೋನ್ ಹಾಕಿ ಆಗಿತ್ತು, ಅವರು ಮೆಟ್ಲು ಇಳ್ದು ಬರೋ ಹೊತ್ತಿಗೆ ಗರ್ಭಕೋಶ ಗಟ್ಟಿ. ಡ್ರೇಪ್ ಇರ್ದೇ ಇದ್ದಿದ್ರೆ ಆ ರಕ್ತ ಎಲ್ಲಾ ಬಟ್ಟೆಗೆ, ರಬ್ಬರ್ ಶೀಟಿಗೆ, ಬಕೆಟ್‌ಗೆ ಹಂಚಿ ಹೋಗಿ "ಒಂದು ಮುನ್ನೂರು ಇರ್ಬೋದು" ಅಂತ ಕೇಸ್‌ಶೀಟಲ್ಲಿ ಬರೀತಿದ್ವಿ.

ಈ ಅಳತೆ ಡ್ರೇಪ್ ಹೊರಗಿನವರದ್ದು ಅಂತ ತುಂಬಾ ಜನ ಅನ್ಕೊಂಡಿದಾರೆ. ನಮ್ಮ ಬೆಳಗಾವಿಯ ಜೆಎನ್ ಮೆಡಿಕಲ್ ಕಾಲೇಜಿನವರು ಹಳ್ಳಿಗಳಲ್ಲಿ ಸ್ಟಡಿ ಮಾಡೋವಾಗ ಇಂಥದ್ದೇ ಡ್ರೇಪ್ ಮಾಡ್ಕೊಂಡು ರಕ್ತ ಅಳೆದಿದ್ರು. ಆ ಸ್ಟಡಿ 2006ರಲ್ಲಿ ಬಂತು, 1620 ಹೆಂಗಸರು, ಹೆರಿಗೆ ಮಾಡ್ಸಿದ್ದು ಡಾಕ್ಟ್ರುಗಳಲ್ಲ, ಎಎನ್‌ಎಂಗಳು, ಅಂದ್ರೆ ಹಳ್ಳಿ ಆರೋಗ್ಯ ಸಹಾಯಕಿಯರು. ಹೆರಿಗೆ ಆದ್ಮೇಲೆ ಬಾಯಿಗೆ ಮಿಸೊಪ್ರೊಸ್ಟಾಲ್ 600 ಮೈಕ್ರೋಗ್ರಾಂ ಕೊಟ್ಟಿದ್ದಕ್ಕೆ ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳೀತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ದೊಡ್ಡ ಸ್ಟಡಿ ಮಾಡಿ, ಡ್ರೇಪಲ್ಲಿ ಬೇಗ ಗುರುತಿಸಿ ಮಸಾಜು ಔಷಧಿ ಡ್ರಿಪ್ಪು ಎಲ್ಲಾ ಒಟ್ಟಿಗೆ ಶುರು ಮಾಡಿದ್ರೆ ಗಂಭೀರ ಪರಿಣಾಮ ಶೇ 60 ಕಮ್ಮಿ ಆಗತ್ತೆ ಅಂತ ತೋರ್ಸಿದ್ರು. ಸಾಮಾನು ಲಿಸ್ಟ್ ಮಾಡೋವಾಗ ಡ್ರೇಪ್ ಮೇಲೆ ಬರ್ಲಿ, ವಾಲ್‌ಪೇಪರ್ ಆಮೇಲೆ.

ಸಾಮಾನಿನ ಬಗ್ಗೆ ಇನ್ನು ಒಂದೆರಡು ಅಷ್ಟೇ. ಆಂಬು ಬ್ಯಾಗ್ (ಕೈಯಲ್ಲಿ ಒತ್ತಿ ಮಗುಗೆ ಉಸಿರು ಕೊಡೋ ಚೀಲ), 0 ಮತ್ತು 1 ಎರಡೂ ಸೈಜ್ ಮಾಸ್ಕ್, ಪ್ರತಿ ಹೆರಿಗೆಗೂ ಮುಂಚೆ ನಿಮ್ಮ ಅಂಗೈ ಮೇಲೆ ಒತ್ತಿ ನೋಡಿ, ಮಗು ಉಸಿರು ಎಳೀದೇ ಇದ್ರೆ ನಿಮಗಿರೋದು ಒಂದು ನಿಮಿಷ. ಆಕ್ಸಿಟೋಸಿನ್ ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿಲಿ ಇರ್ಬೇಕು, ಹಿರಿಯೂರು ಬಿಸ್ಲಿಗೆ ಕಪಾಟಲ್ಲಿ ಇಟ್ರೆ ಶಕ್ತಿ ಕಳ್ಕೊಳತ್ತೆ. (ದನಕ್ಕೆ ಚುಚ್ಚಿ ಹಾಲು ಕರೀತಾರೆ ಅಂತ 2018ರಲ್ಲಿ ಇದನ್ನ ಖಾಸಗಿಯವರು ತಯಾರಿಸೋ ಹಾಗಿಲ್ಲ, ಬೆಂಗಳೂರಿನ ಕೆಎಪಿಎಲ್ ಅನ್ನೋ ಸರ್ಕಾರಿ ಕಂಪನಿ ಒಂದೇ ಮಾಡ್ಬೇಕು ಅಂತ ಕೇಂದ್ರ ಆರ್ಡರ್ ಮಾಡಿತ್ತು, ಡಿಸೆಂಬರಲ್ಲಿ ದೆಹಲಿ ಹೈಕೋರ್ಟ್ ರದ್ದು ಮಾಡ್ತು. ಆ ಕೆಲವು ತಿಂಗಳು ನಮಗೆಲ್ಲ ಇದ್ದ ತಲೆಬಿಸಿ ಕೇಳ್ಬೇಡಿ.) ಇನ್ನು ಪ್ರತಿ ಬಾಟ್ಲಿ, ಪ್ರತಿ ಆಂಪ್ಯೂಲಿನ ಬ್ಯಾಚ್ ನಂಬರ್ ಬರೆದಿಡಿ. 2024ರ ನವೆಂಬರಲ್ಲಿ ಬಳ್ಳಾರಿಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರ್ಕೊಂಡಾಗ ರಿಂಗರ್ ಲ್ಯಾಕ್ಟೇಟ್ ಬಾಟ್ಲಿ ಮೇಲೆ ಅನುಮಾನ ಬಂತಲ್ಲ, ಅಂಥ ಹೊತ್ತಲ್ಲಿ ನಿಮ್ಮ ರಿಜಿಸ್ಟರ್ ಬಿಟ್ರೆ ನಿಮ್ಮ ಪರ ಮಾತಾಡೋರು ಯಾರೂ ಇರಲ್ಲ.

ಆಮೇಲೆ ಮನೆಯವರ ಒತ್ತಡ. ನೋವು ಶುರುವಾಗಿ ಆರು ಗಂಟೆ ಆದ್ರೆ ಸಾಕು, "ಸಿಸ್ಟರ್ ನೋವು ಬರೋ ಇಂಜೆಕ್ಷನ್ ಕೊಟ್ಬಿಡಿ, ಅವರ ಮನೇಲಿ ಬೇಗ ಆಯ್ತಂತೆ" ಅಂತ ಶುರು. ಕೊಡ್ಬೇಡಿ. ಡ್ರಿಪ್ಪಲ್ಲಿ ಪಿಟೋಸಿನ್ (ಅದೇ ಆಕ್ಸಿಟೋಸಿನ್) ಹಾಕೋದು ಡಾಕ್ಟರ್ ನೋಡಿ, ಮಗು ಎದೆಬಡಿತ ಗಮನಿಸ್ತಾ, ಓಟಿ ಪಕ್ಕದಲ್ಲಿ ಇದ್ದಾಗ ಮಾಡೋ ಕೆಲಸ. ಸ್ನಾಯುವಿಗೆ ಚುಚ್ಚೋದಂತೂ ಹೆರಿಗೆಗೆ ಮುಂಚೆ ಯಾವತ್ತೂ ಇಲ್ಲ, ಗರ್ಭಕೋಶ ಒಡೆಯೋ ಕೇಸ್ ನೀವೂ ನೋಡಿರ್ತೀರ. ಹೊಟ್ಟೆ ಮೇಲೆ ಒತ್ತೋದೂ ಅಷ್ಟೇ. ಡಬ್ಲ್ಯುಎಚ್‌ಒ 2018ರಿಂದ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ್ಮೇಲೇ ಆಕ್ಟಿವ್ ಲೇಬರ್ ಅಂತ ಲೆಕ್ಕ ಹಿಡೀಬೇಕು ಅಂತಿದೆ, ಮೂರು ಸೆಂಟಿಮೀಟರಲ್ಲಿ ಬಂದೋರಿಗೆ ಗಡಿಬಿಡಿ ಮಾಡೋಕೆ ಕಾರಣನೇ ಇಲ್ಲ. ಇದನ್ನೆಲ್ಲ ಹೆರಿಗೆ ರೂಮಲ್ಲಿ ಅತ್ತೆಗೆ ವಿವರಿಸೋಕೆ ಹೋದ್ರೆ ಜಗಳ ಆಗತ್ತೆ. ಏಳನೇ ತಿಂಗಳಲ್ಲಿ ಅತ್ತೆನೋ ಅಮ್ಮನೋ, ಮನೇಲಿ ಯಾರ ಮಾತು ನಡೆಯತ್ತೋ ಅವರನ್ನ ಕೂರ್ಸಿ ಹೇಳಿಡ್ಬೇಕು. ಕಸ ಮನೆಗೆ ಕೊಡಿ ಹೂಳ್ಬೇಕು ಅಂತ ಹಿರಿಯರು ಕೇಳ್ತಾರೆ, ಅದೂ ಅವತ್ತೇ ಹೇಳಿಬಿಡಿ, ಆಸ್ಪತ್ರೇಲಿ ಅದು ಹಳದಿ ಚೀಲಕ್ಕೆ ಹೋಗತ್ತೆ ಅಂತ.

ಹಾಗಾದ್ರೆ ಆ ಎರಡು ರೂಮ್ ಏನ್ ಮಾಡ್ಲಿ ಅಂತೀರಾ? ಇಲ್ಲೇ ನೋಡಿ ನಿಜವಾದ ಪ್ರಾಕ್ಟೀಸ್ ಇರೋದು. ಹೆರಿಗೆ ಒಂದು ದಿನ, ಬಾಣಂತನ ಮೂರು ತಿಂಗಳು. ನಾರ್ಮಲ್ ಆದ್ರೆ ಮೂರನೇ ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಕಳ್ಸಿರ್ತಾರೆ, ಸರಿಯಾಗಿ ಆಗ್ಲೇ ಎದೆ ಕಲ್ಲಾಗಿ ಜ್ವರ ಬರೋದು, ಮಗು ಹಳದಿ ಆಗೋದು, ಮೊಲೆತೊಟ್ಟು ಒಡೆದು ಹುಡುಗಿ ಅಳ್ತಾ ಕೂರೋದು, ಅಷ್ಟೊತ್ತಿಗೆ ಯಾರೋ "ಹಾಲು ಸಾಲ್ತಿಲ್ಲ, ಡಬ್ಬ ತನ್ನಿ" ಅಂದಿರ್ತಾರೆ. ಆಶಾ ಕಾರ್ಯಕರ್ತೆ ಬರ್ತಾರೆ, ಪಾಪ ಅವರಿಗೆ ಊರೆಲ್ಲಾ ಕೆಲಸ. ಈ ಟೈಮಲ್ಲಿ ಮನೆಗೆ ಹೋಗಿ ಮಗು ಬಾಯಿಗೆ ಮೊಲೆ ಸರಿಯಾಗಿ ಹಿಡ್ಸಿ, ಹೊಲಿಗೆ ನೋಡಿ, ಬಿಪಿ ನೋಡಿ, ಅಜ್ಜಿ ಜೊತೆ ಕಾಫಿ ಕುಡ್ದು ಬರೋ ಒಬ್ಬರಿಗೆ ಜನ ಖುಷಿಯಿಂದ ದುಡ್ಡು ಕೊಡ್ತಾರೆ. ಅಜ್ಜಿ ಜೊತೆ ಕಾಫಿ ಅಂದಿದ್ದು ತಮಾಷೆಗಲ್ಲ. ಎಣ್ಣೆ ನೀರು, ಮೆಣಸಿನ ಸಾರು, ಸೊಂಟಕ್ಕೆ ಬಟ್ಟೆ ಕಟ್ಟೋದು, ಇದ್ಯಾವುದಕ್ಕೂ ನೀವು ಅಡ್ಡ ಬರ್ಬೇಡಿ, ಒಳ್ಳೇದೇ. ಬಾಣಂತಿಗೆ ನೀರು ಕುಡಿಯೋಕೆ ಬಿಡದೇ ಇರೋದು, ಮಗುಗೆ ಬಜೆ ತೇದು ನೆಕ್ಕಿಸೋದು, ಮೂಗಿಗೆ ಕಿವಿಗೆ ಎಣ್ಣೆ ಬಿಡೋದು, ಬಾಗಿಲು ಹಾಕಿ ಸಾಂಬ್ರಾಣಿ ಹೊಗೆ ತುಂಬ್ಸೋದು, ಈ ನಾಲ್ಕಕ್ಕೆ ಮಾತ್ರ ಹಠ ಹಿಡೀರಿ. ಹತ್ತಕ್ಕೂ ಬೇಡ ಅಂದ್ರೆ ಅಜ್ಜಿ ಮುಂದಿನ ಸಲ ಬಾಗಿಲೇ ತೆಗೆಯಲ್ಲ.

ಮನಸ್ಸಿನ ವಿಷಯನೂ ನೋಡ್ಬೇಕು. ನಿದ್ದೆನೇ ಮಾಡ್ತಿಲ್ಲ, ಏನೇನೋ ಮಾತಾಡ್ತಾಳೆ, ಮಗು ತನ್ನದಲ್ಲ ಅಂತಾಳೆ ಅಂದ್ರೆ ಮನೆಯವರು ಗಾಳಿ ಸೋಕಿದೆ ಅಂತ ಯಂತ್ರ ಕಟ್ಸೋಕೆ ಓಡ್ತಾರೆ. ಅದು ಬಾಣಂತಿ ಸನ್ನಿ, ಅದೇ ದಿನ ಡಾಕ್ಟ್ರಿಗೆ ತೋರಿಸ್ಬೇಕಾದ ಕಾಯಿಲೆ, ವಾಸಿನೂ ಆಗತ್ತೆ. ನಿಮ್ಹಾನ್ಸಲ್ಲಿ ತಾಯಿ ಮಗುನ ಬೇರೆ ಮಾಡ್ದೆ ಒಟ್ಟಿಗೆ ಸೇರ್ಸ್ಕೊಳ್ಳೋ ವಾರ್ಡೇ ಇದೆ, 2009ರಿಂದ.

ಹಾಗಾಗಿ ಕೆಳಗಿನ ಒಂದು ರೂಮಲ್ಲಿ ಗರ್ಭಿಣಿಯರಿಗೆ ಭಾನುವಾರದ ಕ್ಲಾಸ್, ಮಿಕ್ಕಿದ ದಿನ ಮನೆ ಭೇಟಿ, ತಿಂಗಳಿಗೆ ಎರಡೋ ಮೂರೋ ಹೆರಿಗೆ ಟೈಅಪ್ ಆಸ್ಪತ್ರೇಲಿ, ಮೊದಲ ವರ್ಷ ಇಷ್ಟೇ ಸಾಕು. ರೂಮಲ್ಲಿ ಕೂತು ತಪಾಸಣೆ ಮಾಡೋ ಹಾಗಿದ್ರೆ ಅದಕ್ಕೂ ಕೆಪಿಎಂಇ ಬೇಕಾಗ್ಬೋದು, ಶುರು ಮಾಡೋ ಮುಂಚೆನೇ ಡಿಎಚ್‌ಒ ಆಫೀಸಲ್ಲಿ ಬರವಣಿಗೆಲಿ ಕೇಳಿ. ಸ್ಕ್ಯಾನಿಂಗ್ ಮೆಷಿನ್ ಕಡೆ ತಿರುಗೂ ನೋಡ್ಬೇಡಿ, ಪಿಸಿಪಿಎನ್‌ಡಿಟಿ, ಅಂದ್ರೆ ಭ್ರೂಣಲಿಂಗ ಪತ್ತೆ ತಡೆಯೋ ಕಾಯ್ದೆ ನಿಮ್ಮನ್ನ ಬಿಡಲ್ಲ. ಸ್ಕ್ಯಾನ್ ಸೆಂಟರಿನವರು ಲ್ಯಾಬಿನವರು "ಕೇಸಿಗೆ ಇಷ್ಟು" ಅಂತ ಕವರ್ ಹಿಡ್ಕೊಂಡು ಬಂದೇ ಬರ್ತಾರೆ, ಒಂದು ಸಲ ತಗೊಂಡ್ರೆ ಆಮೇಲೆ ಯಾರನ್ನ ಎಲ್ಲಿಗೆ ಕಳಿಸ್ಬೇಕು ಅನ್ನೋದನ್ನ ನಿಮ್ಮ ಬದಲು ಆ ಕವರ್ ಡಿಸೈಡ್ ಮಾಡತ್ತೆ.

ದುಡ್ಡು ಎಷ್ಟು ಅಂದ್ರಿ. ಈ ರೀತಿ ಶುರು ಮಾಡಿದ್ರೆ ಕಟ್ಟಡದ ಖರ್ಚು ಇಲ್ಲ, ಬ್ಯಾಗು, ಡಾಪ್ಲರ್ (ಮಗು ಎದೆಬಡಿತ ಕೇಳೋದು), ಬಿಪಿ ಮೆಷಿನ್, ತೂಕದ ಮೆಷಿನ್, ಒಂದು ಸ್ಕೂಟರ್. ದೊಡ್ಡ ಖರ್ಚು ಕಾಣದ್ದು: ಮೊದಲ ವರ್ಷ ಸಂಬಳ ಇಲ್ದೆ ಮನೆ ನಡೀಬೇಕು, ಅಷ್ಟು ಕೈಲಿರ್ಲಿ. ಪ್ರೊಫೆಷನಲ್ ಇಂಡೆಮ್ನಿಟಿ ಇನ್ಶೂರೆನ್ಸ್ (ಯಾರಾದ್ರೂ ಕೇಸ್ ಹಾಕಿದ್ರೆ ಕೈ ಹಿಡಿಯೋ ವಿಮೆ) ಮಾಡ್ಸಿ, 1995ರಲ್ಲೇ ಸುಪ್ರೀಂ ಕೋರ್ಟ್ ದುಡ್ಡು ತಗೊಂಡು ಮಾಡೋ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆ ಒಳಗೆ ಬರತ್ತೆ ಅಂದಿದೆ. ಇನ್ನೊಂದು, ಜೊತೆಗೊಬ್ಬರು ಸಿಸ್ಟರ್ ಬೇಕೇ ಬೇಕು, ಅರ್ಧ ಪಾಲು ಕೊಟ್ರೂ ಸರಿ. ಮಗು ಅಳ್ಲಿಲ್ಲ, ತಾಯಿಗೆ ರಕ್ತ ನಿಲ್ತಿಲ್ಲ, ಎರಡೂ ಒಟ್ಟಿಗೆ ಆದ್ರೆ ಎರಡು ಕೈ ಸಾಲಲ್ಲ, ಮತ್ತೆ ನಿಮಗೂ ಜ್ವರ ಬರತ್ತೆ, ನಿಮ್ಮ ತಂಗಿ ಮದುವೆನೂ ಬರತ್ತೆ.

ಬೋರ್ಡ್ ವಿಷಯ ಕೇಳಿದ್ರಲ್ಲ. ಹೆರಿಗೆ ಆಸ್ಪತ್ರೆ, ಮೆಟರ್ನಿಟಿ, ಕ್ಲಿನಿಕ್, ಈ ಯಾವ ಪದನೂ ಹಾಕ್ಬೇಡಿ, ಪ್ಲಸ್ ಗುರುತೂ ಬೇಡ. ನಿಮ್ಮ ಹೆಸರು, ಆರ್‌ಎನ್ ಆರ್‌ಎಂ ನಂಬರ್, ಗರ್ಭಿಣಿ ಬಾಣಂತಿಯರ ತರಗತಿ ಮತ್ತು ಮನೆ ಭೇಟಿ, ಫೋನ್ ನಂಬರ್. ಜನ ಹೇಗೂ "ಡಾಕ್ಟ್ರಮ್ಮ" ಅಂತ ಕರೀತಾರೆ, ಪ್ರತಿ ಸಲನೂ "ಡಾಕ್ಟರ್ ಅಲ್ಲಮ್ಮ, ಸಿಸ್ಟರ್" ಅಂತ ತಿದ್ತಾ ಇರಿ. ಮುಂದಿನ ವಾರ ರಜಾ ಹಾಕಿ ಹಿರಿಯೂರಲ್ಲೂ ಚಿತ್ರದುರ್ಗದಲ್ಲೂ ಪ್ರಸೂತಿ ಡಾಕ್ಟ್ರುಗಳನ್ನ ನೋಡ್ಕೊಂಡ್ ಬನ್ನಿ. ಮೇಲೆ ಹೇಳಿದ ಟೈಅಪ್ ಪ್ರಶ್ನೆಗಳನ್ನ ಒಂದು ಹಾಳೆಲಿ ಬರ್ಕೊಂಡು ಹೋಗಿ, ಎಲ್ಲದಕ್ಕೂ ಉತ್ತರ ಕೊಟ್ಟು ಸೈನ್ ಹಾಕೋಕೆ ಒಬ್ಬರು ಒಪ್ಪಿದ್ಮೇಲೆ ನೋಟಿಸ್ ಪೀರಿಯಡ್ ಮಾತಾಡಿ, ಅಲ್ಲೀವರೆಗೂ ಕೆಲಸ ಬಿಡ್ಬೇಡಿ.